ಹಲ್ದೀಘಾಟಿಯ ಫಲಕಕ್ಕೆ ಗೆದ್ದವರು ಯಾಕೆ ಬೇಕು? ಕೇಂದ್ರ ಸಂಸ್ಕೃತಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕೇಂದ್ರ ಸಂಸ್ಕೃತಿ ಮತ್ತು ಪ್ರವಾಸೋದ್ಯಮ ಸಚಿವರೇ,

ನಮಸ್ಕಾರ.

ರಾಜಸ್ಥಾನದ ಹಲ್ದೀಘಾಟಿಯಲ್ಲಿ ಮೇವಾಡದ ರಾಣಾ ಪ್ರತಾಪನಿಗೂ ಮೊಘಲ್ ಬಾದಶಹ ಅಕ್ಬರನ ಸೇನೆಗೂ ಯುದ್ಧ ನಡೆದದ್ದು 1576ರ ಜೂನ್‌ನಲ್ಲಿ. 2026ರ ಜೂನ್‌ಗೆ ಸರಿಯಾಗಿ 450 ವರ್ಷ. ಮೆರವಣಿಗೆ, ಭಾಷಣ, ಹೂಮಾಲೆ ಇದ್ದೇ ಇರುತ್ತವೆ, ಅದರ ಬಗ್ಗೆ ನನ್ನ ತಕರಾರಿಲ್ಲ. ನಾನು ಕೇಳುತ್ತಿರುವುದು ಸಣ್ಣ ವಿಷಯ. ಆ ಜಾಗದಲ್ಲಿ ಪುರಾತತ್ವ ಇಲಾಖೆ ನೆಡುವ ಫಲಕಗಳಲ್ಲಿ ಏನು ಬರೆದಿರಬೇಕು ಎಂಬುದು ನನ್ನ ಪ್ರಶ್ನೆ. ಆ ಇಲಾಖೆ ನಿಮ್ಮ ಕೈಕೆಳಗೇ ಇದೆ, ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಕನ್ನಡದಲ್ಲಿ ಬರೆದಿದ್ದೇನೆಂದು ಬೇಸರ ಬೇಡ. ಪ್ರತಾಪನ ಚೇತಕ್ ಕುದುರೆಯ ಕಥೆ ಕೇಳದ ಮಗು ನಮ್ಮ ಕಡೆಯೂ ಕಡಿಮೆ. ಉದಯಪುರ, ನಾಥದ್ವಾರ ನೋಡಲು ಹೊರಟ ನಮ್ಮವರ ಬಸ್ಸುಗಳು ಹಲ್ದೀಘಾಟಿಯಲ್ಲೂ ನಿಲ್ಲುತ್ತವೆ.

2021ರಲ್ಲಿ ಖಮನೋರ್‌ನ ರಕ್ತ ತಲಾಯಿಯಲ್ಲಿ ಏನಾಯಿತು ನೆನಪಿರಬಹುದು. ರಾಣಾನ ಸೇನೆ ಹಿಂದೆ ಸರಿಯಿತು ಎಂಬ ಅರ್ಥದ ಸಾಲು ಫಲಕದಲ್ಲಿತ್ತು. ಗಲಾಟೆಯಾಯಿತು, ಇಲಾಖೆ ಫಲಕ ಕಿತ್ತಿತು. ಅದಕ್ಕೂ ಮೊದಲು, 2017ರ ಹೊತ್ತಿಗೆ, ರಾಜಸ್ಥಾನದ ಶಾಲಾ ಪಾಠದಲ್ಲಿ ಪ್ರತಾಪನೇ ಗೆದ್ದ ಎಂದು ಬರೆಯಲಾಯಿತು. ಸರ್ಕಾರ ಬದಲಾದ ಮೇಲೆ ಪಾಠವೂ ಬದಲಾಯಿತು. ಹೀಗೆ 1576ರ ಯುದ್ಧದ ಫಲಿತಾಂಶ ಐದು ವರ್ಷಕ್ಕೊಮ್ಮೆ ಘೋಷಣೆಯಾಗುತ್ತಿದೆ. ಎರಡೂ ಕಡೆಯವರಿಗೆ ಒಂದು ವಿಷಯದಲ್ಲಿ ಒಪ್ಪಿಗೆ ಇದ್ದಂತಿದೆ: ಫಲಕದಲ್ಲಿ ಒಬ್ಬ ಗೆದ್ದವನು ಇರಲೇಬೇಕು. ನನಗೆ ಅದೇ ಒಪ್ಪಿಗೆಯಾಗದ್ದು.

ಆ ದಿನ ನಡೆದದ್ದನ್ನು ಸ್ವಲ್ಪ ನೋಡಿ. ಅಕ್ಬರನ ಕಡೆಯ ಸೇನಾಪತಿ ಇಂದಿನ ಜೈಪುರದ ಬಳಿಯ ಆಮೇರಿನ ಕಛವಾಹ ರಜಪೂತ ಮಾನ್ ಸಿಂಗ್. ಪ್ರತಾಪನ ಮುಂಚೂಣಿ ಪಡೆಯ ನಾಯಕ ಹಕೀಮ್ ಖಾನ್ ಸೂರ್, ಅಫ್ಘಾನ್ ಮುಸ್ಲಿಂ. ಮಾನ್ ಸಿಂಗ್ ಬೀಡುಬಿಟ್ಟದ್ದು ಬನಾಸ್ ನದಿಯ ಬಳಿಯ ಮೊಲೇಲಾದಲ್ಲಿ. ಇವತ್ತು ಆ ಊರು ಮಣ್ಣಿನ ಮೂರ್ತಿಗಳಿಗೆ ಹೆಸರುವಾಸಿ. ಬೆಟ್ಟಗಳಲ್ಲಿ ಪ್ರತಾಪನ ಪರವಾಗಿ ಬಿಲ್ಲು ಹಿಡಿದು ನಿಂತವರು ಭಿಲ್ಲರು, ಅವರ ಜೊತೆ ಪಾನರ್ವಾದ ಮುಖ್ಯಸ್ಥ ಪೂಂಜಾ. ಕಾದಾಟ ಶುರುವಾದದ್ದು ಅರಿಶಿನ ಬಣ್ಣದ ಮಣ್ಣಿನ ಇಕ್ಕಟ್ಟಾದ ಘಾಟಿಯ ಬಾಯಲ್ಲಿ. ಜೋರಾದದ್ದು ಮಾತ್ರ ಕೆಳಗಿನ ಬಯಲಿನಲ್ಲಿ, ಈಗ ರಕ್ತ ತಲಾಯಿ ಎಂದು ಕರೆಯುವ ಕಡೆ.

ಕಣ್ಣಾರೆ ಕಂಡು ಬರೆದವನು ಅಬ್ದುಲ್ ಖಾದಿರ್ ಬದಾಯೂನಿ. ಅಕ್ಬರನ ಆಸ್ಥಾನದ ಮುಲ್ಲಾ. ಇದನ್ನು ಧರ್ಮಯುದ್ಧ ಎಂದೇ ನಂಬಿ, ಅನುಮತಿ ಕೇಳಿಕೊಂಡು ಬಂದವನು. ಪ್ರತಾಪನ ಮೇಲೆ ಅವನಿಗೆ ಒಲವಿರಲು ಸಾಧ್ಯವೇ ಇಲ್ಲ. ಅಂಥವನೇ ಬರೆಯುತ್ತಾನೆ: ರಾಣಾನ ಮೊದಲ ಹೊಡೆತಕ್ಕೆ ಮೊಘಲ್ ಮುಂಚೂಣಿ ಚೆದುರಿ, ಓಡಿದವರು ಐದಾರು ಕೋಸು ದೂರ ಹೋಗುವ ತನಕ ನಿಲ್ಲಲಿಲ್ಲ. ಆಮೇಲೆ ಮಿಹ್ತರ್ ಖಾನ್ ಎಂಬವನು ನಗಾರಿ ಬಾರಿಸುತ್ತಾ ಹಿಂದಿನ ಪಡೆಯನ್ನು ಮುಂದೆ ತಂದ. ಬಾದಶಹನೇ ಬರುತ್ತಿದ್ದಾನೆ ಎಂದು ಸುದ್ದಿ ಹಬ್ಬಿತು. ಓಡುತ್ತಿದ್ದವರು ತಿರುಗಿ ನಿಂತರು. ಕೊನೆಗೆ ಗಾಯಗೊಂಡ ಪ್ರತಾಪ ಬೆಟ್ಟಗಳತ್ತ ಹೋದ, ಬಯಲು ಮಾನ್ ಸಿಂಗನ ಕೈಯಲ್ಲಿ ಉಳಿಯಿತು. ಆದರೆ ಮೊಘಲರು ಬೆನ್ನಟ್ಟಿ ಹೋಗಲಿಲ್ಲ. ಮಿದುಳು ಕುದಿಯುವಂಥ ಬಿಸಿಲಿತ್ತಂತೆ, ಬೆಟ್ಟದ ಹಿಂದೆ ರಾಣಾ ಹೊಂಚುಹಾಕಿದ್ದಾನೆ ಎಂಬ ಭಯವೂ ಇತ್ತಂತೆ.

ಬದಾಯೂನಿ ಇನ್ನೊಂದು ಪ್ರಸಂಗ ಹೇಳುತ್ತಾನೆ. ಎರಡೂ ಕಡೆ ರಜಪೂತರೇ, ನಮ್ಮವರು ಯಾರು ಅವರವರು ಯಾರು ಅಂತ ಹೇಗೆ ಗುರುತಿಸುವುದು ಎಂದು ಅವನು ಮೊಘಲ್ ಸೇನಾನಿ ಅಸಫ್ ಖಾನನನ್ನು ಕೇಳಿದ. ಯಾರಿಗೆ ಬಿದ್ದರೂ ಇಸ್ಲಾಮಿಗೆ ಲಾಭವೇ, ಬಾಣ ಬಿಡು ಎಂಬ ಅರ್ಥದ ಉತ್ತರ ಬಂತು. ಕ್ರೂರ ಮಾತು. ಇದು ಸರ್ಕಾರಿ ಫಲಕದಲ್ಲಿ ಬರಬೇಕು ಅಂತ ನಾನು ಹೇಳುವುದಿಲ್ಲ. ಆದರೆ ಎರಡೂ ಕಡೆ ರಜಪೂತರು ಸತ್ತರು ಎಂಬ ಸಂಗತಿ ಬರಲೇಬೇಕು.

ಗೆದ್ದರು ಅನ್ನುವ ಮೊಘಲರಿಗೆ ಸಿಕ್ಕಿದ್ದೇನು? ಪ್ರತಾಪನ ನೆಲೆಯಾಗಿದ್ದ ಗೋಗುಂದಾ ಹಿಡಿದರು. ರಾತ್ರಿ ದಾಳಿಯ ಹೆದರಿಕೆಗೆ ಸುತ್ತ ಗೋಡೆ ಎಬ್ಬಿಸಿ, ಕಂದಕ ತೋಡಿಕೊಂಡು ಕೂತರು. ಧಾನ್ಯ ಇರಲಿಲ್ಲ. ಮಾಂಸ ಮತ್ತು ಆ ವರ್ಷ ಹುಲುಸಾಗಿ ಬಿಟ್ಟಿದ್ದ ಮಾವಿನಹಣ್ಣು ತಿಂದೇ ದಿನ ತಳ್ಳಿದರು, ಸುಮಾರು ಜನ ಕಾಯಿಲೆ ಬಿದ್ದರು. ಹಣ್ಣು ದೊಡ್ಡದು, ಸಿಹಿ ಮಾತ್ರ ಇಲ್ಲ ಎಂದು ಬದಾಯೂನಿ ಗೊಣಗಿದ್ದೂ ದಾಖಲಾಗಿದೆ. ರಾಮ್‌ಪ್ರಸಾದ್ ಎಂಬ ಹೆಸರಾಂತ ಆನೆ ಸಿಕ್ಕಿತು, ಅದನ್ನು ಅಕ್ಬರನಿಗೆ ಒಪ್ಪಿಸಲು ಹೋದವನೂ ಇವನೇ. ಪ್ರತಾಪ ಮಾತ್ರ ಸಿಗಲಿಲ್ಲ. ಸಿಟ್ಟಾದ ಅಕ್ಬರ್ ಮಾನ್ ಸಿಂಗನನ್ನೂ ಅಸಫ್ ಖಾನನನ್ನೂ ಸ್ವಲ್ಪ ಕಾಲ ದರ್ಬಾರಿನಿಂದ ದೂರ ಇಟ್ಟ. 1582ರಲ್ಲಿ ದಿವೇರ್‌ನಲ್ಲಿ ಪ್ರತಾಪ ಸ್ಪಷ್ಟವಾಗಿ ಗೆದ್ದ. ಅದೂ ಒಂದು ಘಾಟಿಯೇ. 1597ರಲ್ಲಿ ಚಾವಂಡ್‌ನಲ್ಲಿ ಸಾಯುವಾಗ, ಮೊದಲೇ ಅಕ್ಬರನ ಪಾಲಾಗಿದ್ದ ಹಳೆಯ ರಾಜಧಾನಿ ಚಿತ್ತೋಡ ಬಿಟ್ಟು ಮೇವಾಡದ ಬಹುಪಾಲು ಅವನ ಕೈಗೆ ವಾಪಸ್ ಬಂದಿತ್ತು. ಇಷ್ಟನ್ನೆಲ್ಲ 'ಗೆದ್ದ' ಅಥವಾ 'ಸೋತ' ಎಂಬ ಒಂದೇ ಪದದಲ್ಲಿ ತುರುಕುವ ಅವಸರ ಯಾರಿಗಿದೆ ಹೇಳಿ?

ರಜಪೂತರ ನೆನಪಿಗಂತೂ ಆ ಅವಸರ ಇರಲಿಲ್ಲ. ರಕ್ತ ತಲಾಯಿಗೆ ಹೋದವರು ಗಮನಿಸಬಹುದು. ಅಲ್ಲಿ ಇರುವುದು ವಿಜಯಸ್ತಂಭ ಅಲ್ಲ, ಸತ್ತವರ ಛತ್ರಿಗಳು, ಅಂದರೆ ನೆನಪಿನ ಮಂಟಪಗಳು. ಗ್ವಾಲಿಯರ್‌ನ ರಾಜ್ಯ ಕಳೆದುಕೊಂಡು ಮೇವಾಡದ ಆಸರೆಗೆ ಬಂದಿದ್ದ ರಾಮ್ ಶಾ ತಂವರ್, ಅವನ ಮೂವರು ಮಕ್ಕಳು ಅದೇ ದಿನ ಅಲ್ಲೇ ಸತ್ತರು. ರಾಣಾನ ಮುಂದೆಯೇ ನಿಂತು ಅವನು ಕಾದಿದ ರೀತಿ ವರ್ಣನೆಗೆ ಮೀರಿದ್ದು ಎಂದು ಬರೆದದ್ದು ಶತ್ರು ಪಕ್ಷದ ಬದಾಯೂನಿ. ಪ್ರತಾಪನ ಸರದಾರ ಝಾಲಾ ಮಾನ್ ರಾಣಾನ ರಾಜಚಿಹ್ನೆಗಳನ್ನು ತಾನು ಹೊತ್ತು, ಶತ್ರುಗಳನ್ನು ತನ್ನತ್ತ ಎಳೆದುಕೊಂಡು, ಪ್ರತಾಪನಿಗೆ ಹೊರಬರಲು ದಾರಿ ಮಾಡಿಕೊಟ್ಟ. ಅವನ ವಂಶದವರಿಗೆ ರಾಜಚಿಹ್ನೆ ಬಳಸುವ ಗೌರವವನ್ನು ಮೇವಾಡ ಕೊಟ್ಟಿತು ಎನ್ನುತ್ತಾರೆ. ಹಕೀಮ್ ಖಾನನ ಗೋರಿಯೂ ಅಲ್ಲೇ ಇದೆ. ಮೇವಾಡದ ಲಾಂಛನದಲ್ಲಿ ಸೂರ್ಯನ ಒಂದು ಬದಿಗೆ ರಜಪೂತ, ಇನ್ನೊಂದು ಬದಿಗೆ ಭಿಲ್ಲ ನಿಂತಿದ್ದಾನೆ.

ಈ ನೆನಪು ಕೋಟೆ, ಅರಮನೆಗಳಲ್ಲಷ್ಟೇ ಉಳಿದಿಲ್ಲ. ಚಿತ್ತೋಡ ವಾಪಸ್ ಸಿಗುವವರೆಗೆ ಒಂದೂರಲ್ಲಿ ನೆಲೆ ನಿಲ್ಲುವುದಿಲ್ಲ ಎಂಬ ಹರಕೆಯ ಕಥೆ ಹೇಳುವ ಅಲೆಮಾರಿ ಕಮ್ಮಾರರಾದ ಗಾಡಿಯಾ ಲೋಹಾರರು ತಲೆಮಾರುಗಟ್ಟಲೆ ಎತ್ತಿನಗಾಡಿಯಲ್ಲೇ ಬದುಕಿದರು. 1955ರಲ್ಲಿ ನೆಹರೂ ಅವರೇ ಮುಂದೆ ನಿಂತು ಅವರನ್ನು ಚಿತ್ತೋಡದ ಕೋಟೆಯೊಳಗೆ ಕರೆದುಕೊಂಡು ಹೋದರು. ಸೋಲನ್ನು ಹೀಗೆ ಹೊತ್ತು ತಿರುಗಿದ ಜನರಿಗೆ, ಇಲ್ಲ ಇಲ್ಲ ನೀವು ಗೆದ್ದಿದ್ದಿರಿ ಎಂದು ಫಲಕ ಹಾಕಿ ಸಮಾಧಾನ ಮಾಡುವುದು ಸ್ವಲ್ಪ ವಿಚಿತ್ರ ಅಲ್ವಾ?

ಇದು ನಮಗೂ ಗೊತ್ತಿರುವ ರೀತಿಯೇ. ನಮ್ಮ ವೀರಗಲ್ಲುಗಳಲ್ಲೂ ಸತ್ತವನಿಗೇ ಮೊದಲ ಜಾಗ. ಮದ್ದೂರು ತಾಲ್ಲೂಕಿನ ಆತಕೂರು ಶಾಸನ 949ರ ಹೊತ್ತಿನದು. ರಾಷ್ಟ್ರಕೂಟ ಕೃಷ್ಣ, ಗಂಗ ಬೂತುಗ ಸೇರಿ ಚೋಳ ರಾಜಾದಿತ್ಯನನ್ನು ತಕ್ಕೋಲದಲ್ಲಿ ಸೋಲಿಸಿದ ದೊಡ್ಡ ಸುದ್ದಿ ಅದರಲ್ಲಿದೆ. ಆದರೆ ಕಲ್ಲಿನ ಮೇಲೆ ಕೆತ್ತಿದ ಚಿತ್ರ ಕಾಳಿ ಎಂಬ ನಾಯಿ ಹಂದಿಯ ಜೊತೆ ಹೋರಾಡುತ್ತಿರುವುದು. ಬಲೀಚಾದಲ್ಲಿ ಚೇತಕ್‌ಗೆ ಸಮಾಧಿ ಕಟ್ಟಿದ ಮನಸ್ಸು ನಮ್ಮವರಿಗೆ ಸುಲಭವಾಗಿ ಅರ್ಥವಾಗುವುದು ಅದಕ್ಕೇ ಇರಬೇಕು.

ಮಾನ್ ಸಿಂಗನ ವಿಷಯವನ್ನೂ ಬಿಡುವಂತಿಲ್ಲ. ಅವನನ್ನು ದ್ರೋಹಿ ಅಂದುಬಿಡುವುದು ಈಗ ಫ್ಯಾಷನ್. ಜೈಪುರದ ಕಡೆಯವರ ನೆನಪಿನಲ್ಲಿ ಅವನು ದೊಡ್ಡ ಸೇನಾಪತಿ, ದೇವಸ್ಥಾನಗಳನ್ನು ಕಟ್ಟಿಸಿದವನು. ವೃಂದಾವನದ ಗೋವಿಂದದೇವ ದೇವಾಲಯ ಅವನದೇ ಕೆಲಸ. ಪ್ರತಾಪನ ಮಲತಮ್ಮ ಜಗಮಾಲ್ ಕೂಡ ಅಕ್ಬರನ ಬಳಿ ಹೋಗಿ ಸೇರಿದ್ದ. ರಜಪೂತರ ನೆನಪು ಅಂತ ಒಂದೇ ಇಲ್ಲ. ಉದಯಪುರದ್ದು ಒಂದು, ಜೈಪುರದ್ದು ಒಂದು. ಪೂಂಜಾ ಭಿಲ್ಲನೋ ಸೋಲಂಕಿ ರಜಪೂತನೋ ಎಂಬ ಜಗಳ ಬೇರೆ ನಡೆಯುತ್ತಲೇ ಇದೆ.

ಹಾಗಾಗಿ ಸಚಿವರೇ, ನನ್ನ ಬೇಡಿಕೆ ಇಷ್ಟು. ಹೊಸ ಫಲಕಗಳಲ್ಲಿ ಯಾರು ಯಾವ ಕಡೆ ಇದ್ದರು, ಯಾರು ಎಲ್ಲಿ ಸತ್ತರು, ಆಮೇಲೆ ಏನಾಯಿತು ಎಂದು ಬರೆಸಿ. ಬದಾಯೂನಿ ಹೀಗೆ ಹೇಳುತ್ತಾನೆ, ಮೇವಾಡದ ಪರಂಪರೆ ಹೀಗೆ ಹೇಳುತ್ತದೆ ಎಂದು ಮೂಲ ಹೇಳಿಯೇ ಬರೆಸಿ. ಬದಾಯೂನಿಯ ಲೆಕ್ಕದಲ್ಲಿ ರಾಣಾನ ಕಡೆ ಸುಮಾರು 3000 ಸವಾರರು, ಸತ್ತವರು ಎರಡೂ ಕಡೆ ಸೇರಿ ಸುಮಾರು 500. ಆಮೇಲಿನ ಖ್ಯಾತಗಳಲ್ಲಿ, ಅಂದರೆ ರಾಜಸ್ಥಾನದ ವಂಶವೃತ್ತಾಂತಗಳಲ್ಲಿ, ಸೈನ್ಯದ ಸಂಖ್ಯೆ ಹತ್ತಾರು ಸಾವಿರ. ಎರಡನ್ನೂ ಹಾಕಿ, ಓದುವವರೇನು ದಡ್ಡರಲ್ಲ. ತಾರೀಖಿನಲ್ಲೂ ಜೂನ್ 18, ಜೂನ್ 21 ಎಂಬ ಎರಡು ಲೆಕ್ಕಗಳಿವೆ, ಅದನ್ನೂ ಮುಚ್ಚಿಡಬೇಡಿ.

ಇನ್ನೊಂದು. ರಾಷ್ಟ್ರೀಯ ಸ್ಮಾರಕದ ಕಂಚಿನ ಪ್ರತಿಮೆ 2009ರಿಂದ ಇದೆ, ಫೋಟೋ ಎಲ್ಲರೂ ತೆಗೆದುಕೊಳ್ಳುತ್ತಾರೆ. ಘಾಟಿಯ ಹಳದಿ ಮಣ್ಣಿನ ಮುಂದೆ ಸೆಲ್ಫಿ, ಗುಲ್ಕನ್, ಪನ್ನೀರು ಖರೀದಿ, ಅಷ್ಟಕ್ಕೆ ಬಸ್ ಹೊರಡುತ್ತದೆ. ನಿಜವಾಗಿ ಜನ ಸತ್ತ ಬಯಲು ಕೆಲವೇ ಕಿಲೋಮೀಟರ್ ಆಚೆ ಇದ್ದರೂ ಸುಮಾರು ಜನ ನೋಡದೇ ಹೋಗುತ್ತಾರೆ. ರಾಜಸ್ಥಾನ ಸರ್ಕಾರ 2024ರ ಬಜೆಟ್‌ನಲ್ಲಿ ಮಹಾರಾಣಾ ಪ್ರತಾಪ್ ಟೂರಿಸ್ಟ್ ಸರ್ಕ್ಯೂಟ್‌ಗೆ 100 ಕೋಟಿ ರೂಪಾಯಿ ಘೋಷಿಸಿತ್ತು. ಅದರ ಜೊತೆ ನಿಮ್ಮ ಇಲಾಖೆಯೂ ಸೇರಿ ಘಾಟಿ, ಅದರ ಹತ್ತಿರದ ಬಾದಶಾಹಿ ಬಾಗ್, ರಕ್ತ ತಲಾಯಿ, ಚೇತಕ್ ಸಮಾಧಿಗಳನ್ನು ಯುದ್ಧ ನಡೆದ ಕ್ರಮದಲ್ಲೇ ನಡೆದು ನೋಡುವ ದಾರಿ ಮಾಡಲಿ. ದಿವೇರ್‌ಗೂ ಅದೇ ನಕ್ಷೆಯಲ್ಲಿ ಜಾಗ ಇರಲಿ.

ಫಲಕದ ಕರಡನ್ನು ಕಲ್ಲಿಗೆ ಹತ್ತಿಸುವ ಮೊದಲು ಪ್ರಕಟಿಸಿ, ಆಕ್ಷೇಪಣೆಗೆ ಒಂದು ತಿಂಗಳು ಸಮಯ ಕೊಡಿ. ಉದಯಪುರದವರು, ಜೈಪುರದವರು, ಪಾನರ್ವಾದ ಭಿಲ್ಲರು ಎಲ್ಲರೂ ಜಗಳ ಆಡಲಿ. ಕರಡಿನ ಕನ್ನಡ ಪ್ರತಿಯೂ ಒಂದಿರಲಿ, ನಾವೂ ಓದಿ ತಪ್ಪು ಹುಡುಕುತ್ತೇವೆ.

ವಂದನೆಗಳೊಂದಿಗೆ,
ಇತಿಹಾಸ ಓದುವ ಒಬ್ಬ ಕನ್ನಡಿಗ