ಜಾಗ ಬದಲಿಸಿದ ಪಬ್

ಮಾನ್ಯ ಸಂಪಾದಕರೇ,

ಮಗಳ ಮನೆಗೆಂದು ಮ್ಯಾಂಚೆಸ್ಟರ್‌ಗೆ ಹೋಗಿದ್ದಾಗ ಶ್ಯಾಂಬಲ್ಸ್ ಸ್ಕ್ವೇರ್‌ನಲ್ಲಿ ಸುಮ್ನೆ ನಿಂತುಬಿಟ್ಟೆ. ಎದುರಿಗೆ 1552ರಲ್ಲಿ ಕಟ್ಟಿದ ಓಲ್ಡ್ ವೆಲ್ಲಿಂಗ್ಟನ್ ಪಬ್. ಬಿಳಿ ಗೋಡೆ, ಮೇಲೆ ಕಪ್ಪು ಮರದ ಪಟ್ಟಿಗಳು. ಸುತ್ತ ಕಣ್ಣು ಹಾಯಿಸಿದರೆ ಹೊಸ ಅಂಗಡಿಗಳು, ಗಾಜಿನ ಕಟ್ಟಡಗಳು.

1970ರ ದಶಕದಲ್ಲಿ, ಅದು ಮೊದಲಿದ್ದ ಜಾಗದಲ್ಲಿ ಹೊಸ ಅಂಗಡಿ ಸಂಕೀರ್ಣ ಕಟ್ಟಿದಾಗ ಈ ಪಬ್ಬನ್ನು ಕೆಡವಲಿಲ್ಲ. ಇಡೀ ಕಟ್ಟಡವನ್ನೇ ನಾಲ್ಕೂವರೆ ಅಡಿಗಿಂತ ಜಾಸ್ತಿ ಮೇಲಕ್ಕೆತ್ತಿದರು! 1996ರ ಬಾಂಬ್ ಸ್ಫೋಟದ ನಂತರ ನಗರದ ಮಧ್ಯಭಾಗವನ್ನು ಮತ್ತೆ ಕಟ್ಟುವಾಗ ಬಿಚ್ಚಿ ತಂದು ಕೆಥೆಡ್ರಲ್ ಹತ್ತಿರ ಜೋಡಿಸಿದರು. ಪಕ್ಕದ ಸಿಂಕ್ಲೇರ್ಸ್ ಆಯ್ಸ್ಟರ್ ಬಾರ್ ಕೂಡ ಜೊತೆಗೇ ಬಂತು. ಮೊದಲು ಒಂದೇ ಸಾಲಿನಲ್ಲಿದ್ದವು ಈಗ ಮೂಲೆಗೆ ಮೂಲೆ ಸೇರಿ ನಿಂತಿವೆ. ಹಳೆಯ ಬೀದಿಯಂತೂ ಹೋಯಿತು. ಆ ಕೊರತೆ ನನಗೆ ಕಾಣದೇ ಇರಲಿಲ್ಲ.

ಲಂಡನ್ನಿನ ಕಿಲ್ಬರ್ನ್‌ನಲ್ಲಿ ಇನ್ನೊಂದು ಕಥೆ. ಕಾರ್ಲ್‌ಟನ್ ಟ್ಯಾವರ್ನ್ ಪಬ್ಬನ್ನು 2015ರಲ್ಲಿ ಅನುಮತಿಯಿಲ್ಲದೆ ಕೆಡವಿದರು. ಇದ್ದ ಹಾಗೇ ಮತ್ತೆ ಕಟ್ಟಿ ಎಂದು ಸ್ಥಳೀಯ ಆಡಳಿತ ಪಟ್ಟು ಹಿಡಿಯಿತು. 2021ರಲ್ಲಿ ಬಾಗಿಲು ತೆರೆಯಿತು.

ನಾನು ಕುಡಿಯುವವನಲ್ಲ. ಆದರೆ ನಮ್ಮ ಊರುಗಳಲ್ಲಿ ಹಳೆಯ ಹೋಟೆಲ್, ಛತ್ರ ಕೆಡವುವವರಿಗೆ ‘ಮತ್ತೆ ಕಟ್ಟಿಕೊಡಿ’ ಎಂದು ಯಾರಾದರೂ ನೋಟಿಸ್ ಕೊಟ್ಟಾರಾ?

— ಒಬ್ಬ ಓದುಗ, ಮೈಸೂರು