ಹಸಿ ಅಡಿಕೆ ತೂಕ ನೋಡಿ ಖರ್ಚು ಮಾಡಬೇಡ, ಪುಟ್ಟಿ

ಪ್ರೀತಿಯ ಪುಟ್ಟಿ,

ಭಾನುವಾರ ಫೋನಲ್ಲಿ ನೀನು ಒಂದು ಮಾತು ಹೇಳಿದೆ. "ಅಮ್ಮಾ, ಈಗ ನಂಗೆ ಟ್ಯಾಕ್ಸ್ ಹಿಡಿಯೋರೇ ಇಲ್ಲ, ಬಂದಿದ್ದೆಲ್ಲ ನೇರ ಅಕೌಂಟಿಗೆ." ಎಷ್ಟು ಖುಷಿಯಲ್ಲಿ ಹೇಳಿದೆ ಅಂದರೆ ನಂಗೆ ಆಗ ಏನೂ ಹೇಳೋಕೆ ಮನಸ್ಸಾಗಲಿಲ್ಲ. ರಾತ್ರಿ ಮಾತ್ರ ನಿದ್ದೆ ಬರಲಿಲ್ಲ. ಫೋನಲ್ಲಿ ಹೇಳಿದರೆ "ಸರಿ ಅಮ್ಮ, ಸರಿ ಅಮ್ಮ" ಅಂತ ಇಟ್ಟುಬಿಡ್ತೀಯ. ಅದಕ್ಕೇ ಬರೀತಿದ್ದೀನಿ. ಪೂರ್ತಿ ಓದು.

ನಿಂಗೆ ಇದನ್ನು ಮೊದಲೇ ಹೇಳಿಕೊಡದೇ ಇದ್ದಿದ್ದು ನಮ್ಮ ತಪ್ಪು. ತೋಟದ ಆದಾಯಕ್ಕೆ ಇನ್‌ಕಮ್ ಟ್ಯಾಕ್ಸ್ ಇಲ್ಲ. ಸೊಸೈಟಿಗೆ ಅಡಿಕೆ ಹಾಕಿ, ಪಟ್ಟಿ ತಂದು, ಸಾಲಕ್ಕೆ ಕಟ್ಟಿ ಉಳಿದದ್ದು ಮನೆಗೆ. ಚಿಕ್ಕವಳಿದ್ದಾಗಿಂದ ನೀನು ನೋಡಿದ್ದು ಇಷ್ಟೇ. ಆಮೇಲೆ ಬೆಂಗಳೂರಲ್ಲಿ ಸಂಬಳದ ಕೆಲಸ. ಅಲ್ಲಿ ಕಂಪನಿಯವರೇ ತಿಂಗಳಾ ತಿಂಗಳಾ ಹಿಡಿದು ಕಟ್ಟಿ, ಕೊನೆಗೆ ಹಿಡಿದ ಟ್ಯಾಕ್ಸಿನ ಪ್ರಮಾಣಪತ್ರ ಫಾರ್ಮ್ 16 ಕೈಗೆ ಕೊಡ್ತಿದ್ದರು. ನೀನಾಗಿ ಕಟ್ಟುವ ಪ್ರಸಂಗವೇ ಬರಲಿಲ್ಲ. ಈಗ ಕೆಲಸ ಬಿಟ್ಟು ಸ್ವಂತವಾಗಿ ವೆಬ್‌ಸೈಟ್, ಆ್ಯಪ್ ಮಾಡಿಕೊಡ್ತಿದ್ದೀಯ. ದುಡ್ಡು ಕಳಿಸೋರು ಹೊರದೇಶದವರು, ಅವರು ದುಡ್ಡು ಕೊಡುವಾಗಲೇ ನಮ್ಮ ಟ್ಯಾಕ್ಸ್ (ಟಿಡಿಎಸ್) ಹಿಡಿಯಲ್ಲ. ಹಾಗಂತ ಟ್ಯಾಕ್ಸೇ ಇಲ್ಲ ಅಂತಲ್ಲ ಕಣೇ. ಹಿಡಿದಿಡಬೇಕಾದವಳು ಈಗ ನೀನೇ.

ಮೊನ್ನೆಯಷ್ಟೇ ಈ ವರ್ಷದ ಕೊನೆಯ ಹಂಡೆ ಅಡಿಕೆ ಬೇಯಿಸಿ ಅಂಗಳದಲ್ಲಿ ಹರವಿದೆವು. ಉಗುರಿನ ಸಂದಿಯ ಚೊಗರು ಇನ್ನೂ ಹೋಗಿಲ್ಲ. ಒಂದು ಕ್ವಿಂಟಲ್ ಹಸಿ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿದರೆ 12-13 ಕೇಜಿ ಸಿಗುತ್ತೆ. ಕೊಯ್ಲಿನ ದಿನ ಅಂಗಳದಲ್ಲಿ ರಾಶಿ ನೋಡಿ ಅಪ್ಪ ಯಾವತ್ತಾದರೂ ಖರ್ಚಿಗೆ ಕೈ ಹಾಕಿದ್ದಾರಾ? ನಿನ್ನ ಅಕೌಂಟಿಗೆ ಬೀಳ್ತಿರೋದೂ ಹಸಿ ತೂಕವೇ.

ಹೆದರಬೇಡ, ನಿನ್ನಂಥವರಿಗೆ ಕಾನೂನು ತಕ್ಕಮಟ್ಟಿಗೆ ಸುಲಭ ಮಾಡಿದೆ. 44ಎಡಿಎ ಅಂತ ಒಂದು ಸೆಕ್ಷನ್. ಡಾಕ್ಟರು, ವಕೀಲರು, ಇಂಜಿನಿಯರು, ಐಟಿ ಕೆಲಸದವರು ಅದರಲ್ಲಿ ಬರ್ತಾರೆ. ವರ್ಷಕ್ಕೆ ಬಂದ ಒಟ್ಟು ಹಣದಲ್ಲಿ ಕನಿಷ್ಠ ಅರ್ಧವನ್ನು ಆದಾಯ ಅಂತ ತೋರಿಸಿದರೆ, ಉಳಿದರ್ಧ ಖರ್ಚು ಅಂತ ಅವರೇ ಒಪ್ಪಿಕೊಳ್ತಾರೆ, ಒಂದೊಂದು ಬಿಲ್ಲೂ ಕೂಡಿಡಬೇಕಾಗಿಲ್ಲ. ಮಿತಿ 50 ಲಕ್ಷ, ನಗದು ವ್ಯವಹಾರ 5% ದಾಟದಿದ್ದರೆ 75 ಲಕ್ಷ. ನಿನ್ನ ಲೆಕ್ಕವನ್ನೇ ತಗೋ. ಈ 2025-26ಕ್ಕೆ 28 ಲಕ್ಷ ಆಗಬಹುದು ಅಂದೆ. ಅರ್ಧ ಅಂದರೆ 14 ಲಕ್ಷ. ಹೊಸ ತೆರಿಗೆ ಪದ್ಧತಿಯಲ್ಲಿ ಮೊದಲ 4 ಲಕ್ಷಕ್ಕೆ ಏನಿಲ್ಲ, ಮುಂದಿನ 4 ಲಕ್ಷಕ್ಕೆ 5%, ಅದರ ಮುಂದಿನ 4 ಲಕ್ಷಕ್ಕೆ 10%, ಉಳಿದ 2 ಲಕ್ಷಕ್ಕೆ 15%. ಕೂಡಿದರೆ 90,000, ಸೆಸ್ ಸೇರಿ 93,600 ರೂಪಾಯಿ.

"12 ಲಕ್ಷದವರೆಗೆ ಟ್ಯಾಕ್ಸ್ ಇಲ್ಲ, ಮಿಕ್ಕ 2 ಲಕ್ಷಕ್ಕೆ ಕಟ್ಟಿದರೆ ಸಾಕಲ್ಲ" ಅಂತ ನೀನು ಕೇಳಬಹುದು. ಹಾಗಲ್ಲ. ಅದು ರಿಬೇಟು, ಅಂದರೆ ಲೆಕ್ಕ ಹಾಕಿದ ಟ್ಯಾಕ್ಸಲ್ಲಿ ಬಿಡುವ ರಿಯಾಯಿತಿ, 12 ಲಕ್ಷದ ಒಳಗಿದ್ದವರಿಗೆ ಮಾತ್ರ ಪೂರ್ತಿ ಸಿಗುತ್ತೆ. ನಿನ್ನಷ್ಟು ದಾಟಿದರೆ ಲೆಕ್ಕ 4 ಲಕ್ಷದಿಂದಲೇ ಶುರು. ಸಂಬಳದವರಿಗೆ ಬಿಡುವ 75,000 ಕೂಡ ಈಗ ನಿಂಗಿಲ್ಲ.

ಈ ದುಡ್ಡನ್ನು ರಿಟರ್ನ್ ಹಾಕುವಾಗ ಕಟ್ಟಿದರಾಯ್ತು ಅಂದುಕೊಳ್ಳಬೇಡ. ವರ್ಷದ ಟ್ಯಾಕ್ಸ್ 10,000 ಅಥವಾ ಜಾಸ್ತಿ ಬರೋರು ಮುಂಗಡವಾಗಿ ಕಟ್ಟಬೇಕು. ಬೇರೆಯವರಿಗೆ ನಾಲ್ಕು ಕಂತು, 44ಎಡಿಎಯವರಿಗೆ ಒಂದೇ ಸಲ, ಮಾರ್ಚ್ 15ರೊಳಗೆ. ತಪ್ಪಿದರೆ ಬಡ್ಡಿ. ಏಪ್ರಿಲ್ ಬಂದ ಮೇಲೆ ತಿಂಗಳಿಗೆ 1% ಲೆಕ್ಕದಲ್ಲಿ ಬೆಳೀತಾ ಹೋಗುತ್ತೆ. ಮುಂದಿನ ವರ್ಷದಿಂದ ದುಡ್ಡು ಬಂದ ದಿನವೇ ನೂರಕ್ಕೆ ಹತ್ತು ರೂಪಾಯಿ ಬೇರೆ ಅಕೌಂಟಿಗೆ ಹಾಕು. ಅದಕ್ಕೆ ಎಟಿಎಂ ಕಾರ್ಡೇ ಬೇಡ.

ಇನ್ನೊಂದು ವಿಷಯ ಹೇಳಲೇಬೇಕು. ಮದುವೆ ಮನೆಯಲ್ಲಿ ಒಬ್ಬರು ನಿನ್ನ ವಿಷಯ ಬಂದಾಗ, "ಅದಕ್ಕೇನು, ಅಡಿಕೆ ದುಡ್ಡು ಅಂತ ತೋರಿಸಿದರಾಯ್ತು" ಅಂದರು. ನಿಂಗೂ ಯಾರಾದರೂ ಹೇಳ್ತಾರೆ. ಕಿವಿಗೆ ಹಾಕಿಕೊಳ್ಳಬೇಡ. ಪಹಣಿ ಇರೋದು ಅಪ್ಪನ ಹೆಸರಲ್ಲಿ, ಮಂಡಿ ಪಟ್ಟಿ ಬರೋದು ಅಪ್ಪನ ಹೆಸರಿಗೆ, ನಿನ್ನ ಹಣ ಬರೋದು ಡಾಲರಲ್ಲಿ. ಅದು ಸುಳ್ಳು ಅಂತ ಗೊತ್ತಾಗೋಕೆ ಯಾರಿಗೂ ಹೆಚ್ಚು ಹೊತ್ತು ಬೇಡ. ಅದಕ್ಕಿಂತ ಹೆಚ್ಚಾಗಿ ನಂಗೆ ಬೇಜಾರಾಗೋದು ಬೇರೆ ಕಾರಣಕ್ಕೆ. ರಾತ್ರಿ ಎರಡು ಗಂಟೆವರೆಗೆ ಕೂತು ನೀನು ದುಡಿದಿದ್ದು ಅದು. ನಿನ್ನ ಹೆಸರಲ್ಲೇ ಇರಲಿ, ಬೇರೆ ಯಾರ ತೋಟದ ಲೆಕ್ಕಕ್ಕೂ ಹೋಗೋದು ಬೇಡ.

ನಾನೂ ಒಮ್ಮೆ ಎಡವಿದ್ದೀನಿ. ಸ್ಕೂಲಿನ ಸಂಬಳಕ್ಕೆ ಟ್ಯಾಕ್ಸ್ ಹಿಡಿದಿದ್ದಾರಲ್ಲ ಅಂತ ಎಫ್‌ಡಿ ಬಡ್ಡಿ ಸೇರಿಸದೇ ರಿಟರ್ನ್ ಹಾಕಿದ್ದೆ. ಸ್ವಲ್ಪ ದಿನಕ್ಕೆ ಮೊಬೈಲಿಗೆ ಮೆಸೇಜ್. ಪೋರ್ಟಲ್‌ನಲ್ಲಿ ಎಐಎಸ್ (ನಮ್ಮ ಆದಾಯದ ಬಗ್ಗೆ ಬ್ಯಾಂಕು ಮುಂತಾದವರು ಇಲಾಖೆಗೆ ಕೊಟ್ಟ ವಿವರ) ತೆಗೆದು ನೋಡಿದರೆ ನಾನು ಮರೆತಿದ್ದ 4,112 ರೂಪಾಯಿ ಬಡ್ಡಿಯೂ ಅಲ್ಲಿತ್ತು. ತಿದ್ದಿ ಹಾಕಿ ಕಟ್ಟಿದೆ. ನೀನೂ ರಿಟರ್ನ್ ಹಾಕೋ ಮುಂಚೆ 26ಎಎಸ್ (ನಿನ್ನ ಹೆಸರಲ್ಲಿ ಹಿಡಿದು ಕಟ್ಟಿದ ಟ್ಯಾಕ್ಸಿನ ಪಟ್ಟಿ), ಎಐಎಸ್ ಎರಡನ್ನೂ ತೆಗೆದು ನೋಡು.

ಚಿಕ್ಕಪ್ಪನ ಮಗ ಶಿವಮೊಗ್ಗದಲ್ಲಿ ಬೈಕ್ ಮೇಲೆ ಊಟ ತಲುಪಿಸ್ತಾನಲ್ಲ, ಅವನದ್ದು ಇದರ ಉಲ್ಟಾ. ಅವನ ಆದಾಯಕ್ಕೆ ಟ್ಯಾಕ್ಸೇ ಬರಲ್ಲ, ಆದರೂ ಕಂಪನಿ 1% ಹಿಡಿದಿತ್ತು. ರಿಟರ್ನ್ ಹಾಕದ ಕಾರಣ ಎರಡು ವರ್ಷ ಅದು ಅಲ್ಲೇ ಉಳಿದಿತ್ತು. ಹೋದ ವರ್ಷದ್ದನ್ನು ನಾನೇ ಕೂತು ಹಾಕಿಸಿದೆ, ವಾಪಸ್ ಬಂತು. ಅದಕ್ಕಿಂತ ದೊಡ್ಡದು, ಬೈಕ್ ಲೋನಿಗೆ ಆದಾಯದ ದಾಖಲೆ ಕೇಳಿದಾಗ ಅವನ ಕೈಯಲ್ಲಿ ತೋರಿಸೋಕೆ ಒಂದು ಕಾಗದ ಇತ್ತು. ನಾಳೆ ನಿಂಗೂ ಮನೆ ಸಾಲ, ವೀಸಾ ಅಂತ ಬಂದಾಗ ಸಂಬಳದ ಸ್ಲಿಪ್ ಇರಲ್ಲ, ರಿಟರ್ನೇ ಆಧಾರ.

ಜಿಎಸ್‌ಟಿ ವಿಷಯ ಆಡಿಟರ್ ಹತ್ತಿರ ಕೂತೇ ಮಾತಾಡಬೇಕು. ಸೇವೆ ಕೊಡೋರಿಗೆ ವರ್ಷಕ್ಕೆ 20 ಲಕ್ಷ ದಾಟಿದರೆ ನೋಂದಣಿ ಬೇಕೇ ಬೇಕು, ಹೊರದೇಶದಿಂದ ಬಂದಿದ್ದೂ ಆ ಲೆಕ್ಕಕ್ಕೆ ಸೇರುತ್ತೆ. ಎಲ್‌ಯುಟಿ ಅನ್ನೋ ಮುಚ್ಚಳಿಕೆ ಪತ್ರ ಕೊಟ್ಟರೆ ರಫ್ತಿಗೆ ತೆರಿಗೆ ಕಟ್ಟಬೇಕಾಗಿಲ್ಲ, ಆದರೆ ನೋಂದಣಿ ತಪ್ಪಲ್ಲ. ನೀನು ಇನ್ನೂ ಮಾಡಿಸಿಲ್ಲ ಅನ್ನೋದು ನಂಗೆ ಟ್ಯಾಕ್ಸಿಗಿಂತ ಜಾಸ್ತಿ ಚಿಂತೆ.

ಮುಂದಿನ ಶನಿವಾರ ರಾತ್ರಿ ಬಸ್ಸಿಗೆ ಬಾ. ಏಪ್ರಿಲ್‌ನಿಂದ ಈವರೆಗಿನ ಬ್ಯಾಂಕ್ ಸ್ಟೇಟ್‌ಮೆಂಟ್, ಕಳಿಸಿದ ಇನ್‌ವಾಯ್ಸ್ ಎಲ್ಲ ತಗೊಂಡು ಬಾ. ಭಾನುವಾರ ಇಬ್ಬರೂ ಕೂತು ಜೋಡಿಸೋಣ, ಸೋಮವಾರ ಶಿವಮೊಗ್ಗಕ್ಕೆ ಹೋಗಿ ಆಡಿಟರ್ ಕಾಣೋಣ. ಅಪ್ಪನಿಗೆ ನಾನು ಹೇಳಿಟ್ಟಿದ್ದೀನಿ, ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿಗೆ ಬೆಳಗ್ಗೆ ಬಂದು ಕಾಯ್ತಾರೆ.

ನಿನ್ನ ಅಮ್ಮ