ಸಂಭವನೀಯತೆ ಪಾಠಕ್ಕೆ ಮೊದಲು ಒಂದು ಆಟ

ಪ್ರೀತಿಯ ಪುಟ್ಟಿ,

ಏಳನೇ ಕ್ಲಾಸಿಗೆ ಸಂಭವನೀಯತೆ ಹೇಗೆ ಶುರು ಮಾಡಲಿ ದೊಡ್ಡಮ್ಮ ಅಂತ ಕೇಳಿದ್ದೆ. ಸೂತ್ರವನ್ನು ಮೊದಲೇ ಬೋರ್ಡಿನ ಮೇಲೆ ಬರೆಯಬೇಡ. ಭಿನ್ನರಾಶಿ ಅಂದರೆ ಮುಖ ತಿರುಗಿಸುವ ಮಕ್ಕಳೂ ಆಟದಲ್ಲಿ ಅನ್ಯಾಯ ಆದರೆ ಸುಮ್ನೆ ಬಿಡುತ್ತಾರಾ? ಅಲ್ಲಿಂದಲೇ ಹಿಡಿ.

ಇಬ್ಬಿಬ್ಬರಿಗೆ ಎರಡು ದಾಳ ಕೊಡು. ಬಿದ್ದ ಸಂಖ್ಯೆಗಳನ್ನು ಗುಣಿಸಬೇಕು, ಬೆಸ ಬಂದರೆ ಒಬ್ಬರಿಗೆ ಒಂದು ಪಾಯಿಂಟ್, ಸಮ ಬಂದರೆ ಇನ್ನೊಬ್ಬರಿಗೆ. ಕೇಳೋಕೆ ಸರಿಯಾಗೇ ಇದೆ, ಅಲ್ವಾ? ಸ್ವಲ್ಪ ಹೊತ್ತಿಗೆ ಬೆಸದವರು ಗಲಾಟೆ ಎಬ್ಬಿಸುತ್ತಾರೆ. ಎಬ್ಬಿಸಲಿ, ತಡೆಯಬೇಡ. ಅನ್ಯಾಯ ಅಂತೀರಲ್ಲ, ತೋರಿಸಿ ನೋಡೋಣ ಅಂತ ಹೇಳಿ, ಅಡ್ಡಕ್ಕೆ ಆರು ಉದ್ದಕ್ಕೆ ಆರು ಮನೆ ಗೀಚಿಸಿ, ಒಂದೊಂದರಲ್ಲೂ ಗುಣಲಬ್ಧ ಬರೆಸು. ಎರಡೂ ದಾಳ ಬೆಸ ಬಿದ್ದರೆ ಮಾತ್ರ ಗುಣಲಬ್ಧ ಬೆಸ. ಅಂಥ ಮನೆ 36ರಲ್ಲಿ 9, ಉಳಿದ 27 ಸಮ. ಇಷ್ಟಾದ ಮೇಲೆ 9/36 ಬರೆದರೆ ಅದು ಯಾರಿಗೂ ಬರೀ ಭಿನ್ನರಾಶಿಯಾಗಿ ಕಾಣಲ್ಲ.

ಆಮೇಲೆ ಆಟವನ್ನು ಅವರ ಕೈಯಲ್ಲೇ ಸರಿ ಮಾಡಿಸು. ನನಗೆ ತುಂಬಾ ಇಷ್ಟದ ಭಾಗ ಇದು. ಗುಣಿಸೋದು ಬೇಡ, ಕೂಡಿಸೋಣ ಅಂತ ಯಾರಾದರೂ ಹೇಳಬಹುದು. ಸರಿಯೇ, ಆಗ 18ಕ್ಕೆ 18. ಗುಣಿಸಿಯೇ ಆಡೋಣ, ಬೆಸಕ್ಕೆ 3 ಪಾಯಿಂಟ್ ಕೊಡಿ ಅನ್ನುವ ಮಗು ಸಿಕ್ಕರೆ ಬೆನ್ನು ತಟ್ಟು. ಆದರೆ ಸರಿಮಾಡಿದ ಆಟದಲ್ಲೂ ಸೋಲುವವರು ಇದ್ದೇ ಇರುತ್ತಾರೆ, ಮಿಸ್ ಈಗಲೂ ಮೋಸ ಅಂತಾರೆ. ಒಂದು ಜೋಡಿಯ ಹತ್ತು ಆಟ ನೋಡಿ ತೀರ್ಮಾನ ಮಾಡಬಾರದು, ಇಡೀ ಕ್ಲಾಸಿನ ಲೆಕ್ಕ ಒಟ್ಟು ಮಾಡಿ ತೋರಿಸು.

ಎರಡೇ ದಾರಿ ಇದ್ದರೆ ಅರ್ಧ ಅರ್ಧ ಅಂತ ಮಕ್ಕಳು ತಟ್ಟನೆ ಹೇಳಿಬಿಡುತ್ತಾರೆ. ಅದಕ್ಕೆ ಗಾಂಧಿ ಬಜಾರಿನ ಗ್ರಂಧಿಗೆ ಅಂಗಡಿಯಲ್ಲಿ ಚೌಕಾಬಾರ ಆಡುವ ಕವಡೆ ಸಿಕ್ಕರೆ ತಗೊಂಡು ಹೋಗು. ಕವಡೆ ಬಾಯಿ ಮೇಲಾಗಿ ಬೀಳಬಹುದು, ಇಲ್ಲ ಬೆನ್ನು ಮೇಲಾಗಿ. ಆದರೆ ಬೆನ್ನು ಉಬ್ಬು, ಬಾಯಿಯ ಕಡೆ ಚಪ್ಪಟೆ, ಹಾಗಾಗಿ ನಾಣ್ಯದ ಲೆಕ್ಕ ಇದಕ್ಕೆ ಒಪ್ಪಲ್ಲ. ಮನೆ ಗೀಚಿ ಎಣಿಸೋಕೂ ಆಗಲ್ಲ. ನೂರಾರು ಸಲ ಹಾಕಿ, ಬಾಯಿ ಎಷ್ಟು ಸಲ ಮೇಲೆ ಬಂತು ಅಂತ ಗೆರೆ ಹಾಕಿಕೊಂಡೇ ತಿಳಿಯಬೇಕು. ಒಂದು ಕವಡೆಯ ಉತ್ತರವೇ ಇನ್ನೊಂದಕ್ಕೂ ಬರಬೇಕು ಅಂತಿಲ್ಲ, ಅದನ್ನೂ ಅವರೇ ಪರೀಕ್ಷೆ ಮಾಡಲಿ.

ಇದಕ್ಕೆಲ್ಲ ಒಂದು ಪೀರಿಯಡ್ ಸಾಲಲ್ಲ. ಎರಡು ಕೇಳಿ ಇಟ್ಟುಕೋ.

ನಿನ್ನ ದೊಡ್ಡಮ್ಮ